ಮೌಸ್ ಬೀರುವಿನಲ್ಲಿದೆ

ನಮ್ಮೂರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಒಂದು ಕಂಪ್ಯೂಟರ್ ಇದೆ. ಇದೆ ಅನ್ನುವುದಕ್ಕೆ ಮೂರು ಸಾಕ್ಷಿ. ಒಂದು, ಬಾಗಿಲ ಪಕ್ಕ ಗೋಡೆಗೆ ಕೂರಿಸಿದ ಕರಿ ಗ್ರಾನೈಟ್ ಫಲಕ. ಉದ್ಘಾಟಕರು, ಅಧ್ಯಕ್ಷರು, ಘನ ಉಪಸ್ಥಿತಿ, ಗೌರವ ಉಪಸ್ಥಿತಿ ಅಂತ ಹದಿನಾಲ್ಕು ಹೆಸರು ಕೆತ್ತಿದ್ದಾರೆ. ಕಂಪ್ಯೂಟರಿಗೆ ಸಿಕ್ಕಿರುವುದು ಹದಿನೈದನೆಯ ಸಾಲು, ಅದೂ ಚಿಕ್ಕ ಅಕ್ಷರ. ಎರಡನೆಯ ಸಾಕ್ಷಿ ದಾಸ್ತಾನು ವಹಿ. ಮೂರನೆಯದು ಖುದ್ದು ಕಂಪ್ಯೂಟರೇ. ಅದಕ್ಕೆ ನೇರಳೆ ಬಣ್ಣದ ಸ್ಯಾಟಿನ್ ಗವಸು, ಅಂಚಿಗೆ ಜರಿ ಪಟ್ಟಿ. ಹೊಲಿದ ದರ್ಜಿ ಮದುವೆ ರವಿಕೆಗೂ ಇಷ್ಟು ಅಕ್ಕರೆ ತೋರಿಸಿರಲಾರ. ಗವಸಿನ ಮೇಲೆ ಆಯುಧಪೂಜೆಯ ಚೆಂಡುಹೂವಿನ ಹಾರ ಒಣಗಿ ಕಡ್ಡಿಯಾಗಿದೆ. ಗವಸು ಎತ್ತಿದರೆ ಮಾನಿಟರಿನ ಹಣೆಗೆ ಮೂರೆಳೆ ವಿಭೂತಿ, ನಡುವೆ ಕುಂಕುಮ. ಹೋದ ವರ್ಷದ್ದರ ಮೇಲೆ ಈ ವರ್ಷದ್ದು. ಯುಪಿಎಸ್ ಕೂಡ ಸುಮ್ಮನೆ ಕೂತಿಲ್ಲ. ಹಳೇ ಪೇಪರು ಪೇರಿಸಲು ಅದಕ್ಕಿಂತ ಗಟ್ಟಿ ಪೀಠ ಆ ಕೋಣೆಯಲ್ಲಿಲ್ಲ.

ಇಷ್ಟು ಭಕ್ತಿಯಿಂದ ಇಟ್ಟುಕೊಂಡ ವಸ್ತುವನ್ನು ಬಳಸಲು ಕೇಳುವುದು ಗರ್ಭಗುಡಿಗೆ ನುಗ್ಗಿ ದೇವರ ಬೆಳ್ಳಿ ತಟ್ಟೆಯಲ್ಲಿ ಊಟ ಹಾಕಿ ಅಂದ ಹಾಗೆ. ಆ ತಪ್ಪು ನಾನು ಮಾಡಿದೆ.

ಅಕ್ಕನ ಮಗ ಬಿ.ಕಾಂ. ಮುಗಿಸಿ ಎರಡು ವರ್ಷವಾಗುತ್ತ ಬಂತು. ಒಂದು ಹುದ್ದೆಗೆ ಅರ್ಜಿ ಹಾಕಬೇಕಿತ್ತು. ಅರ್ಜಿ ಆನ್‌ಲೈನಿನಲ್ಲಿ ಮಾತ್ರ. "ಮಾವ, ಸೈಬರ್‌ಗೆ ಹೋಗ್ಬೇಕು, ಇನ್ನೂರು ರೂಪಾಯಿ ಇದ್ರೆ ಕೊಡಿ" ಅಂದ. ನನಗೆ ತತ್ವ ನೆನಪಾಯಿತು. ಜೇಬಿಗೆ ಕೈ ಹಾಕಬೇಕಾದಾಗೆಲ್ಲ ನನಗೆ ತತ್ವ ನೆನಪಾಗುತ್ತದೆ. "ಸೈಬರ್ ಯಾಕೋ? ಲೈಬ್ರರಿಯಲ್ಲಿ ಕಂಪ್ಯೂಟರ್ ಇದೆ. ನಾವು ಗ್ರಂಥಾಲಯ ಕರ ಅಂತ ಕಟ್ಟೋದು ಯಾತಕ್ಕೆ?" ಅಂದೆ. ನಾಲ್ಕಾಣೆಗೆ ಮಸಾಲೆದೋಸೆ ಸಿಗ್ತಿತ್ತು ಅನ್ನುವ ಅಜ್ಜಂದಿರನ್ನು ನೋಡುವ ಹಾಗೆ ನನ್ನನ್ನು ನೋಡಿ ಚಪ್ಪಲಿ ಮೆಟ್ಟಿಕೊಂಡ.

ಮೊದಲ ದಿನ ಹೋದಾಗ ಬೀಗ. ಸೋಮವಾರ ಗ್ರಂಥಾಲಯಕ್ಕೆ ರಜೆ. ಭಾನುವಾರ ಜನಕ್ಕೆ ಬಿಡುವು, ಆದ್ದರಿಂದ ಅವತ್ತು ಗ್ರಂಥಾಲಯ ತೆರೆದಿರಬೇಕು. ಸೋಮವಾರ ಅದಕ್ಕೆ ಬದಲಿ ರಜೆ. ಒಳ್ಳೆಯ ಯೋಚನೆಯೇ. ನಿರುದ್ಯೋಗಿಗೆ ಏಳು ದಿನವೂ ಭಾನುವಾರ ಅನ್ನುವುದೊಂದನ್ನು ಯೋಚಿಸಿರಲಿಕ್ಕಿಲ್ಲ, ಅಷ್ಟೆ.

ಎರಡನೆಯ ದಿನ ಬಾಗಿಲು ತೆಗೆದಿತ್ತು. ಅಟೆಂಡರ್ ಒಬ್ಬರೇ ಇದ್ದರು.

"ಕಂಪ್ಯೂಟರ್ ಬೇಕಿತ್ತು."

"ಇದೆಯಲ್ಲ ಸಾರ್, ಅಲ್ಲಿ."

"ನೋಡೋದಕ್ಕಲ್ಲ. ಬಳಸೋದಕ್ಕೆ."

"ಯಾಕೆ?"

ನಲವತ್ತು ವರ್ಷದಲ್ಲಿ ನನ್ನನ್ನು ಯಾರೂ ಇಷ್ಟು ಮೂಲಭೂತವಾದ ಪ್ರಶ್ನೆ ಕೇಳಿರಲಿಲ್ಲ. ಹುಡುಗ ಅರ್ಜಿ ಹಾಕಬೇಕು ಅಂದೆ. ಅವರಿಗೆ ಕನಿಕರ ಬಂತು. ಎದ್ದು ಬಂದು ಗವಸು ಸರಿಸಿದರು, ಊದಿದರು, ಧೂಳು ನಮ್ಮಿಬ್ಬರ ಮೇಲೆ ಬಿತ್ತು.

"ಮೌಸ್ ಎಲ್ಲಿ?"

"ಬೀರುವಿನಲ್ಲಿದೆ."

"ಬೀರು ಕೀ?"

"ಮೇಡಂ ಹತ್ರ."

"ಮೇಡಂ?"

"ಜಿಲ್ಲಾ ಕೇಂದ್ರಕ್ಕೆ ಹೋಗಿದ್ದಾರೆ, ಮೀಟಿಂಗು."

"ಏನು ಮೀಟಿಂಗು?"

"ಡಿಜಿಟಲ್ ಗ್ರಂಥಾಲಯದ ಪ್ರಗತಿ ಪರಿಶೀಲನೆ."

ಇದನ್ನು ಓದಿ ಮೇಡಂ ಮೇಲೆ ಸಿಟ್ಟಾಗಬೇಡಿ. ಆಮೇಲೆ ಅವರನ್ನು ಕಂಡು ಮಾತಾಡಿದ್ದೇನೆ. ಅವರು ಮೂರು ಶಾಖೆಗೆ ಪ್ರಭಾರ. ಇಲಾಖೆಯಲ್ಲಿ ಮಂಜೂರಾದ ಹುದ್ದೆಗಳೇ ಖಾಲಿ ಬಿದ್ದಿರುವಾಗ ಒಬ್ಬರೇ ಮೂರು ಕುರ್ಚಿಯಲ್ಲಿ ಕೂರಬೇಕು. ಕೆಲಸ ಹುಡುಕುವವರಿಗೆ ನೆರವಾಗಬೇಕಾದ ಮನೆಯಲ್ಲಿ ಕೆಲಸಕ್ಕೆ ಜನ ಇಲ್ಲ. ಹೊರಗೆ ಜಗಲಿಯ ಮೇಲೆ ಜನರಿದ್ದಾರೆ, ಕೆಲಸ ಇಲ್ಲ. ನಡುವಿನ ಬಾಗಿಲು ತೆಗೆದರೆ ಎರಡೂ ಸಮಸ್ಯೆ ಒಂದನ್ನೊಂದು ನುಂಗಿಬಿಡುತ್ತವೆ. ಆದರೆ ಬಾಗಿಲ ಕೀ ಯಾವುದೋ ಕಡತದಲ್ಲಿದೆ.

ಮೌಸ್ ಬೀರುವಿಗೆ ಹೋದದ್ದಕ್ಕೂ ಕಾರಣ ಇದೆ. ದಾಸ್ತಾನು ವಹಿಯಲ್ಲಿ 'ಮೌಸ್ - 1' ಅಂತ ಬರೆದಿದೆ. ನಾಳೆ ತಪಾಸಣೆಗೆ ಬಂದವರು ಎಣಿಸಿದಾಗ ಸೊನ್ನೆಯಾದರೆ ಯಾರ ಸಂಬಳದಲ್ಲಿ ಹಿಡಿಯುತ್ತಾರೆ? ಪುಸ್ತಕಗಳಿಗೆ ಗಾಜಿನ ಬೀರು, ಬೀರುವಿಗೆ ಬೀಗ ಬಂದದ್ದು ಇದೇ ಭಯದಿಂದ. ಓದಿ ಹರಿದ ಪುಸ್ತಕ ನಷ್ಟದ ಬಾಬ್ತು, ಓದದೆ ಗೆದ್ದಲು ತಿಂದದ್ದು ಪ್ರಕೃತಿ ವಿಕೋಪ. ಬಳಸಿ ಕೆಟ್ಟ ಕಂಪ್ಯೂಟರಿಗೆ ವಿವರಣೆ ಬರೆದುಕೊಡಬೇಕು. ಗವಸಿನೊಳಗೇ ಮುದಿಯಾದ ಕಂಪ್ಯೂಟರನ್ನು ಹರಾಜು ಹಾಕಬಹುದು, ಯಾರೂ ಏನೂ ಕೇಳುವುದಿಲ್ಲ. ಲೆಕ್ಕ ಗೊತ್ತಿದ್ದ ಯಾರಾದರೂ ಗವಸನ್ನೇ ಹೊಲಿಸುತ್ತಾರೆ.

ಮೌಸ್ ಸಿಕ್ಕಿದ್ದರೂ ಪ್ರಯೋಜನ ಇರಲಿಲ್ಲ ಅನ್ನುವುದು ಆಮೇಲೆ ತಿಳಿಯಿತು. ಪಾಸ್‌ವರ್ಡ್ ಹಿಂದಿನ ಸಾಹೇಬರಿಗೆ ಗೊತ್ತಿತ್ತು, ಅವರಿಗೆ ವರ್ಗವಾಯಿತು. ಹೋಗುವಾಗ ಚಾರ್ಜ್ ಪಟ್ಟಿಯಲ್ಲಿ ಬೀರು, ಸ್ಟೂಲು, ಗಡಿಯಾರ, ಗಾಂಧೀಜಿ ಫೋಟೊ ಎಲ್ಲ ಒಪ್ಪಿಸಿದ್ದಾರೆ. ಪಾಸ್‌ವರ್ಡಿಗೆ ಪಟ್ಟಿಯಲ್ಲಿ ಕಲಂ ಇರಲಿಲ್ಲ.

ನಾವು ಮಾತಾಡುತ್ತಿದ್ದಾಗ ವಾಚನಾಲಯದಿಂದ ಒಬ್ಬ ಹುಡುಗಿ "ಶ್..." ಅಂದಳು. ತಿರುಗಿ ನೋಡಿದೆ. ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಬಂದು ಕಾದು ಸೀಟು ಹಿಡಿದ ಮೂವತ್ತು ಮಂದಿ. ಎದುರಿಗೆ ಸ್ಟೀಲ್ ನೀರಿನ ಬಾಟಲಿ, ಊಟದ ಡಬ್ಬಿ, ಮೂರು ಬಣ್ಣದ ಪೆನ್ನು, ಮಾಸಪತ್ರಿಕೆ, ಬೈಂಡ್ ಮಾಡಿಸಿದ ಜೆರಾಕ್ಸ್ ನೋಟ್ಸು. ಟೀ ಕುಡಿಯಲು ಎದ್ದರೆ ಸೀಟಿನ ಮೇಲೆ ಕರ್ಚೀಫು. ಗ್ರಂಥಾಲಯದ ಒಂದೂ ಪುಸ್ತಕ ಮೇಜಿನ ಮೇಲಿಲ್ಲ. ಬೀರುವಿನಲ್ಲಿರುವ ಸಾಮಾನ್ಯ ಜ್ಞಾನದ ಪುಸ್ತಕದ ಪ್ರಕಾರ ಕರ್ನಾಟಕದಲ್ಲಿ ಇನ್ನೂ ಇಪ್ಪತ್ತೇಳು ಜಿಲ್ಲೆ. ಅದನ್ನು ಓದಿ ಪರೀಕ್ಷೆ ಬರೆದವನ ಗತಿ ದೇವರೇ ಬಲ್ಲ. ಅವರಿಗೆ ಬೇಕಾಗಿರುವುದು ಮೂರೇ: ತಲೆ ಮೇಲೆ ಫ್ಯಾನು, ಪಕ್ಕದಲ್ಲಿ ಪ್ಲಗ್ ಪಾಯಿಂಟು, "ಇನ್ನೂ ಎಲ್ಲೂ ಸೇರಿಲ್ವಾ?" ಅಂತ ಕೇಳುವ ನೆಂಟರಿಲ್ಲದ ಒಂದು ಮೂಲೆ. ಇವರ ತಲೆ ಮೇಲೇ ಬೋರ್ಡು: 'ಸ್ವಂತ ಪುಸ್ತಕಗಳನ್ನು ಒಳಗೆ ತರಬಾರದು.' ಆ ಬೋರ್ಡನ್ನು ಯಾರೂ ತೆಗೆದಿಲ್ಲ, ಯಾರೂ ಪಾಲಿಸುವುದೂ ಇಲ್ಲ. ನಮ್ಮ ಸರ್ಕಾರಿ ಕಚೇರಿಗಳಲ್ಲಿ ನಿಜವಾದ ಉದಾರತೆ ಹೀಗೆ, ಬೋರ್ಡಿಗೆ ಬೆನ್ನು ಹಾಕಿ ಬದುಕಿಕೊಂಡಿರುತ್ತದೆ.

ಧಾರವಾಡದ ಸಪ್ತಾಪುರಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಹೋಗಿ ನೋಡಿ. ಅಲ್ಲಿ ಬೀದಿ ಬೀದಿಗೆ 'ಲೈಬ್ರರಿ' ಅಂತ ಬೋರ್ಡು. ಒಳಗೆ ಪುಸ್ತಕ ಹುಡುಕಬೇಡಿ, ಇರುವುದಿಲ್ಲ. ಪ್ಲೈವುಡ್ಡಿನ ಗೂಡು, ಒಂದು ಕುರ್ಚಿ, ದೀಪ, ವೈಫೈ. ತಿಂಗಳಿಗೆ ಇಷ್ಟು ಅಂತ ಬಾಡಿಗೆ. ಪುಸ್ತಕ ಇಲ್ಲದ ಲೈಬ್ರರಿ ದುಡ್ಡು ಮಾಡುತ್ತಿದೆ, ಲಕ್ಷಾಂತರ ಪುಸ್ತಕ ಇರುವ ಲೈಬ್ರರಿ ಕರದ ಬಾಕಿಗೆ ಪತ್ರ ಬರೆಯುತ್ತಿದೆ. ಖಾಸಗಿಯವರಿಗೆ ತಕ್ಷಣ ಅರ್ಥವಾದದ್ದು ಏನೆಂದರೆ, ಕೆಲಸ ಹುಡುಕುವವನಿಗೆ ಮೊದಲು ಬೇಕಾದದ್ದು ಕೂರಲು ಒಂದು ಜಾಗ.

ಗ್ರಂಥಾಲಯದವರು ಸುಮ್ಮನೆ ಕೂತಿಲ್ಲ ಅನ್ನುವುದನ್ನೂ ಹೇಳಬೇಕು. ಹೋದ ವರ್ಷ 'ಉದ್ಯೋಗಾಕಾಂಕ್ಷಿಗಳಿಗೆ ಒಂದು ದಿನದ ಡಿಜಿಟಲ್ ಕೌಶಲ ತರಬೇತಿ' ನಡೆಯಿತು. ಹತ್ತು ಗಂಟೆಯ ಕಾರ್ಯಕ್ರಮ ಅತಿಥಿಗಳು ಬಂದ ಮೇಲೆ ಹನ್ನೆರಡಕ್ಕೆ ಶುರುವಾಯಿತು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು. ಮುಖ್ಯ ಅತಿಥಿಗಳು ಇಂದಿನ ಯುವಕರು ಮೊಬೈಲಿನಿಂದ ಹಾಳಾಗುತ್ತಿದ್ದಾರೆ ಅಂತ ನಲವತ್ತು ನಿಮಿಷ ಮಾತಾಡಿದರು. ನಡುವೆ ಎರಡು ಸಲ ಅವರ ಮೊಬೈಲ್ ಹೊಡೆದುಕೊಂಡಿತು, ಎರಡು ಸಲವೂ ಎತ್ತಿದರು. ಸಂಪನ್ಮೂಲ ವ್ಯಕ್ತಿ ಬೋರ್ಡಿನ ಮೇಲೆ ಬಳಪದಲ್ಲಿ ಒಂದು ಆಯತ ಬರೆದು "ಇದು ಮಾನಿಟರ್", ಬಾಲ ಇರುವ ಒಂದು ಮೊಟ್ಟೆ ಬರೆದು "ಇದು ಮೌಸ್" ಅಂದರು. ನಿಜವಾದ ಮೌಸ್ ಹತ್ತಡಿ ದೂರದ ಬೀರುವಿನೊಳಗೆ ಇತ್ತು. ಎಕ್ಸೆಲ್ ಬಗ್ಗೆ ಹೇಳುವಷ್ಟರಲ್ಲಿ ಕರೆಂಟು ಹೋಯಿತು. ಬಳಪದ ಕಂಪ್ಯೂಟರಿಗೆ ಕರೆಂಟು ಬೇಡವಾದ್ದರಿಂದ ತರಬೇತಿ ನಿಲ್ಲಲಿಲ್ಲ. ಕೊನೆಗೆ ಉಪ್ಪಿಟ್ಟು, ಕೇಸರಿಬಾತ್, ಗ್ರೂಪ್ ಫೋಟೊ, ಪ್ರಮಾಣಪತ್ರ. ಪ್ರಮಾಣಪತ್ರ ಎದುರುಗಡೆಯ ಸೈಬರಿನಲ್ಲಿ ಪ್ರಿಂಟಾಗಿತ್ತು.

ನನ್ನ ಅಳಿಯನ ಹತ್ತಿರ ಇಂಥ ಪ್ರಮಾಣಪತ್ರ ಆರಿವೆ. ಅರ್ಜಿಗೆ ಅವು ಬೇಕಿಲ್ಲ. ಬೇಕಾಗಿರುವುದು ಬೇರೆ. ಫೋಟೊ ಐವತ್ತು ಕೆಬಿ ಮೀರಬಾರದು, ಸಹಿ ಬೇರೆ ಕಡತ, ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಗ್ರಾಮೀಣ ವ್ಯಾಸಂಗದ ಪತ್ರ, ಕನ್ನಡ ಮಾಧ್ಯಮದ ಪತ್ರ, ಎಲ್ಲ ಪಿಡಿಎಫ್. ಅರ್ಧ ತುಂಬುವಷ್ಟರಲ್ಲಿ ಸಮಯ ಮುಗಿದು ಮೊದಲಿನಿಂದ ಶುರು. ಓಟಿಪಿ ಬರುವುದು ಅಪ್ಪನ ಮೊಬೈಲಿಗೆ, ಅಪ್ಪ ಇರುವುದು ನೆಟ್‌ವರ್ಕ್ ಇಲ್ಲದ ಹೊಲದಲ್ಲಿ. ಪದವೀಧರ ಮುಗ್ಗರಿಸುವುದು ಇಲ್ಲಿ, ಬ್ಯಾಲೆನ್ಸ್ ಶೀಟಿನಲ್ಲಲ್ಲ. ಫೋಟೊವನ್ನು ಐವತ್ತು ಕೆಬಿಗೆ ಇಳಿಸುವುದು ಹೇಗೆ ಅಂತ ಹೇಳಿಕೊಡುವುದಕ್ಕೆ ಹತ್ತು ನಿಮಿಷ ಸಾಕು. ಅದನ್ನು ಯಾವ ಕೌಶಲ ಶಿಬಿರದಲ್ಲೂ ಹೇಳಿಕೊಡುವುದಿಲ್ಲ. ಅದಕ್ಕೆ ಸೈಬರಿನವನು ಮೂವತ್ತು ರೂಪಾಯಿ ತೆಗೆದುಕೊಳ್ಳುತ್ತಾನೆ. ನ್ಯಾಯವಾಗಿಯೇ ತೆಗೆದುಕೊಳ್ಳುತ್ತಾನೆ. ಇಡೀ ತಾಲ್ಲೂಕಿನ ಉದ್ಯೋಗ ಮಾಹಿತಿ ಕೇಂದ್ರ ಅವನೇ: ಕೊನೇ ದಿನಾಂಕ ಅವನಿಗೆ ಬಾಯಿಪಾಠ, ಯಾವ ಪ್ರಮಾಣಪತ್ರ ನಾಡಕಚೇರಿಯಿಂದ ಎಷ್ಟು ದಿನಕ್ಕೆ ಬರುತ್ತದೆ ಅನ್ನುವುದೂ ಗೊತ್ತು. ಅವನ ಅಂಗಡಿಯ ಮೌಸಿನ ಎಡಗುಂಡಿ ಸವೆದು ಬೆಳ್ಳಗಾಗಿದೆ. ಅದಕ್ಕೆ ಯಾರೂ ಕುಂಕುಮ ಹಚ್ಚಿಲ್ಲ.

ಕನ್ನಡ ಟೈಪಿಂಗೂ ಬರಬೇಕು ಅನ್ನುತ್ತಾರೆ. ಬರಲಿ. ಹುಡುಗ ನುಡಿ ತಂತ್ರಾಂಶ ಕಲಿತ. ಮೊದಲ ಬಯೋಡೇಟಾ ಬೆಂಗಳೂರಿಗೆ ಕಳಿಸಿದ. ಯೂನಿಕೋಡ್ ಅಲ್ಲದ ಹಳೇ ಫಾಂಟಿನಲ್ಲಿ ಹೊಡೆದದ್ದು. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಅವನ ಹೆಸರು, ಅಪ್ಪನ ಹೆಸರು, ಊರು ಎಲ್ಲ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಆಚೆಯವರು ಫೋನ್ ಮಾಡಿ "ಇದು ಯಾವ ಭಾಷೆ?" ಅಂತ ಕೇಳಿದರು. ಅಳಿಯ ಕುಗ್ಗಿಹೋದ. "ಅದೇನೂ ಅವಮಾನ ಅಲ್ಲವೋ," ಅಂತ ಸಮಾಧಾನ ಮಾಡಿದೆ. "2024ರ ಆಗಸ್ಟ್ 27ರಂದು ಕೆಪಿಎಸ್‌ಸಿಯವರು 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗೆ ಪೂರ್ವಭಾವಿ ಪರೀಕ್ಷೆ ಮಾಡಿದರಲ್ಲ, ಆ ಕನ್ನಡ ಪ್ರಶ್ನೆಪತ್ರಿಕೆ ನೋಡಿದವರೂ ಇದನ್ನೇ ಕೇಳಿದ್ದು." ಡಿಸೆಂಬರ್ 29ಕ್ಕೆ ಮರುಪರೀಕ್ಷೆಯಾಯಿತು, ಮತ್ತೆ ಅನುವಾದದ ತಪ್ಪುಗಳ ಗಲಾಟೆಯಾಯಿತು. ಫಾಂಟ್ ಸರಿಯಿತ್ತು, ಕನ್ನಡವೇ ಕೆಟ್ಟಿತ್ತು. ಅಭ್ಯರ್ಥಿಗೆ ಕನ್ನಡವೂ ಕಂಪ್ಯೂಟರೂ ಎರಡೂ ಬರಬೇಕು. ಪರೀಕ್ಷೆ ಮಾಡುವವರಿಗೆ ಒಂದಾದರೂ ಬರಬೇಕು ಅಂತ ನಿಯಮ ಇದ್ದಂತಿಲ್ಲ.

ನಿಯಮ ಅಂದಾಗ ನೆನಪಾಯಿತು. ಸರ್ಕಾರಿ ನೌಕರರೂ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸು ಮಾಡಬೇಕು ಅಂತ 2012ರಲ್ಲೇ ನಿಯಮ ಬಂದಿದೆ. ಒಳಗಿದ್ದವರಿಗೆ ವರ್ಷಗಳ ಗಡುವು ಕೊಟ್ಟರು. ಗಡುವು ಮುಗಿಯುತ್ತ ಬಂದಾಗ ವಿಸ್ತರಿಸಿದರು. ಮತ್ತೆ ಮುಗಿಯಿತು, ಮತ್ತೆ ವಿಸ್ತರಿಸಿದರು. ನನ್ನ ಅಳಿಯನಿಗೆ ಸಿಕ್ಕ ಗಡುವು ಒಂದೇ: ಸಂಜೆ ಐದೂವರೆ. ಐದು ಗಂಟೆಗೆ ಸರ್ವರ್ ಮಲಗಿತು.

ಯುವನಿಧಿ ಬಗ್ಗೆ ಹೇಳದಿದ್ದರೆ ಕೃತಘ್ನನಾಗುತ್ತೇನೆ. ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಹೆಚ್ಚೆಂದರೆ ಎರಡು ವರ್ಷ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಸಿಕ್ಕಿತು. ಹುಡುಗನಿಗೆ ಬರುತ್ತಿದೆ, ಅಕ್ಕನಿಗೆ ಎಷ್ಟೋ ಆಸರೆಯಾಗಿದೆ, ಅದನ್ನು ನಗೆಯಾಡಲಾರೆ. ನಗು ಬರುವುದು ಇನ್ನೊಂದಕ್ಕೆ. 'ನನಗೆ ಇನ್ನೂ ಕೆಲಸ ಸಿಕ್ಕಿಲ್ಲ' ಅಂತ ಅಭ್ಯರ್ಥಿ ಆಗಾಗ ಆನ್‌ಲೈನಿನಲ್ಲಿ ಸ್ವಯಂ ಘೋಷಣೆ ಮಾಡಬೇಕು. ಶುರುವಿನಲ್ಲಂತೂ ತಿಂಗಳು ತಿಂಗಳೂ, 25ನೇ ತಾರೀಕಿನೊಳಗೆ. ಕೆಲಸ ಇಲ್ಲ ಅಂತ ತಪ್ಪದೆ, ಹೊತ್ತಿಗೆ ಸರಿಯಾಗಿ, ದಾಖಲೆ ಸಮೇತ ವರದಿ ಒಪ್ಪಿಸುವುದು. ಇಷ್ಟು ಶಿಸ್ತಿನ ಕೆಲಸ ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ನಾನು ಮಾಡಿರಲಿಲ್ಲ. ಅದಕ್ಕೂ ಅವನು ಸೈಬರಿಗೇ ಹೋಗಬೇಕು, ಅಲ್ಲಿ ಐವತ್ತು ರೂಪಾಯಿ. ನಿರುದ್ಯೋಗ ಭತ್ಯೆಯಿಂದ ಸದ್ಯಕ್ಕೆ ಖಾತ್ರಿಯಾಗಿ ಒಬ್ಬನಿಗೆ ಉದ್ಯೋಗ ಸಿಕ್ಕಿದೆ: ಸೈಬರಿನವನಿಗೆ.

ಗ್ರಂಥಾಲಯದ ಗೋಡೆಯ ಮೇಲೆ ಡಾ. ಎಸ್. ಆರ್. ರಂಗನಾಥನ್ ಫೋಟೊ ಇದೆ. ಆಗಸ್ಟ್ 12ಕ್ಕೆ ಅವರ ಹುಟ್ಟುಹಬ್ಬ, ಗ್ರಂಥಪಾಲಕರ ದಿನ, ಹೊಸ ಹಾರ. 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದುಕೊಟ್ಟ ಮನುಷ್ಯ. ಕೊನೆಗಾಲದಲ್ಲಿ ಬೆಂಗಳೂರಿನಲ್ಲೇ ನೆಲೆಸಿ 1972ರಲ್ಲಿ ಇಲ್ಲೇ ತೀರಿಕೊಂಡರು. ಪುಸ್ತಕ ಇರುವುದು ಬಳಕೆಗೆ, ಬಂದವನ ಹೊತ್ತು ಹಾಳು ಮಾಡಬಾರದು, ಗ್ರಂಥಾಲಯ ಬೆಳೆಯುತ್ತಿರುವ ಜೀವಿ, ಹೀಗೆ ಅವರ ವಿಚಾರ. ಅವರ ಫೋಟೊಗೆ ಎದುರಾಗಿಯೇ ಗವಸು ಹಾಕಿಕೊಂಡ ಕಂಪ್ಯೂಟರ್. ಹಾರ ಎರಡಕ್ಕೂ ಒಂದೇ ಅಂಗಡಿಯದು. ಇಬ್ಬರನ್ನೂ ಒಂದೇ ರೀತಿ ಗೌರವಿಸುತ್ತೇವೆ: ಪೂಜೆ ಮಾಡುತ್ತೇವೆ, ಮಾತು ಕೇಳುವುದಿಲ್ಲ.

ದುಡ್ಡಿಲ್ಲ ಅನ್ನುತ್ತಾರೆ. ದುಡ್ಡಿಗೆ 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ದಾರಿ ಮಾಡಿಕೊಟ್ಟಿದೆ. ಮನೆ ಕಂದಾಯ ನೂರು ರೂಪಾಯಿ ಕಟ್ಟಿದರೆ ಅದರ ಜೊತೆ ಆರು ರೂಪಾಯಿ ಗ್ರಂಥಾಲಯ ಕರ. ನಾವು ಕಟ್ಟುತ್ತೇವೆ, ಪುರಸಭೆ, ನಗರಸಭೆ, ಪಾಲಿಕೆಗಳು ವಸೂಲಿ ಮಾಡುತ್ತವೆ, ಗ್ರಂಥಾಲಯ ಇಲಾಖೆಗೆ ದಾಟಿಸಬೇಕು. ಈ ದಾಟಿಸುವಲ್ಲಿ ಹೊಳೆ ಅಡ್ಡ ಬರುತ್ತದೆ. ಹಿಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಂದೇ ನೂರಾರು ಕೋಟಿ ಬಾಕಿ ಉಳಿಸಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಯುಗಾದಿಯಷ್ಟೇ ನಿಯತ್ತಾಗಿ ಬರುತ್ತಿತ್ತು. ಗ್ರಂಥಾಲಯದಿಂದ ತಂದ ಪುಸ್ತಕ ಹದಿನೈದು ದಿನಕ್ಕೆ ವಾಪಸು ಕೊಡದಿದ್ದರೆ ನಮಗೆ ದಂಡ ಹಾಕುತ್ತಾರೆ. ಗ್ರಂಥಾಲಯದ ದುಡ್ಡನ್ನೇ ಎರವಲು ಒಯ್ದು ವರ್ಷಗಟ್ಟಲೆ ವಾಪಸು ಕೊಡದ ಸದಸ್ಯನಿಗೆ ದಂಡ ಎಷ್ಟು ಅನ್ನುವುದು ನಿಯಮದ ಬೋರ್ಡಿನಲ್ಲಿ ಬರೆದಿಲ್ಲ.

ಹಾಗಾದರೆ ಅರ್ಜಿ ಏನಾಯಿತು? ಸರ್ವರ್ ಮಲಗಿದ ಮೇಲೆ ಅರ್ಜಿ ಕರೆದವರೇ ಗಡುವನ್ನು ಮೂರು ದಿನ ಮುಂದೂಡಿದರು. ಹುಡುಗ ಊರಿಗೆ ಹೋದ, ಅಕ್ಕನ ಹಳ್ಳಿಗೆ. ಮಾರನೇ ದಿನ ಬೆಳಗ್ಗೆ ಫೋನು: "ಮಾವ, ಅರ್ಜಿ ಹಾಕಾಯ್ತು." ಎಲ್ಲೋ ಅಂದರೆ, "ನಮ್ಮೂರ ಲೈಬ್ರರೀಲಿ." ನಾನು ನಂಬಲಿಲ್ಲ, ಆ ವಾರವೇ ಬಸ್ಸು ಹತ್ತಿ ಹೋಗಿ ನೋಡಿದೆ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಇವೆ. 2020ರಲ್ಲಿ 'ಓದುವ ಬೆಳಕು' ಅಂತ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು, ಆಮೇಲೆ 'ಅರಿವು ಕೇಂದ್ರ' ಅಂತ ಹೆಸರಿಟ್ಟರು, ಹಲವು ಕಡೆ ಕಂಪ್ಯೂಟರ್ ಕೊಟ್ಟರು. ಹೆಸರು ಬದಲಾಯಿಸಿದರೆ ಏನಾಗುತ್ತದೆ ಅಂತ ನಾನೂ ಆಗ ಒಂದು ಅಂಕಣ ಬರೆದು ನಕ್ಕಿದ್ದೆ. ಈಗ ನನ್ನ ಮೇಲೆಯೇ ನಗಬೇಕಾಗಿ ಬಂದಿದೆ. ಎಲ್ಲ ಐದು ಸಾವಿರವೂ ಹೀಗಿಲ್ಲ, ಗೊತ್ತು. ಬೀಗ ಹಾಕಿದ್ದನ್ನೂ ನೋಡಿದ್ದೇನೆ. ಆದರೆ ಅಕ್ಕನ ಊರಿನ ಅರಿವು ಕೇಂದ್ರದಲ್ಲಿ ಎರಡು ಕಂಪ್ಯೂಟರ್, ಒಂದಕ್ಕೂ ಗವಸಿಲ್ಲ. ಒಂದರ ಮೇಲೆ ಹುಡುಗರು ಮುಗಿಬಿದ್ದಿದ್ದರು. ಇನ್ನೊಂದರ ಕೀಲಿಮಣೆಯ ಮೇಲೆ ಕನ್ನಡ ಅಕ್ಷರಗಳನ್ನು ಬಿಳಿ ಕಾಗದಕ್ಕೆ ಬರೆದು ಸೆಲ್ಲೋಟೇಪಿನಲ್ಲಿ ಅಂಟಿಸಿದ್ದರು. 'ಕ'ದ ಚೀಟಿ ಸವೆದು ಎರಡನೇ ಸಲ ಅಂಟಿಸಿದ ಗುರುತಿತ್ತು. ಮೌಸ್ ಹೊರಗೇ ಇತ್ತು.

ಮೇಲ್ವಿಚಾರಕಿ ಗೌರವಧನದ ಮೇಲೆ ದುಡಿಯುವ ಹೆಣ್ಣುಮಗಳು. ನೆಟ್ ನಿಂತರೆ ತನ್ನ ಮೊಬೈಲಿನ ಡೇಟಾ ಹಂಚುತ್ತಾಳೆ. ಫೋಟೊ ಐವತ್ತು ಕೆಬಿಗೆ ಇಳಿಸುವುದನ್ನು ಮಾಡಿಕೊಡುವುದಿಲ್ಲ. "ನೀನೇ ಮಾಡು, ನಾ ನೋಡ್ತೀನಿ" ಅಂತ ಪಕ್ಕದಲ್ಲಿ ನಿಲ್ಲುತ್ತಾಳೆ. ಅಳಿಯ ಒಂದೇ ದಿನದಲ್ಲಿ ಕಲಿತದ್ದು ಹಾಗೆ. "ಇದಕ್ಕೆಲ್ಲ ನಿಮಗೆ ತರಬೇತಿ ಕೊಟ್ಟಿದ್ದಾರೇನಮ್ಮ?" ಅಂತ ಕೇಳಿದೆ. "ಕೊಟ್ಟಿದ್ದಾರೆ ಸಾರ್, ಒಂದಷ್ಟು. ಮಿಕ್ಕಿದ್ದು ನಾನೇ ಅರ್ಜಿ ಹಾಕಿ ಹಾಕಿ ಕಲಿತದ್ದು" ಅಂದಳು. ಆಮೇಲೆ ದನಿ ಇಳಿಸಿ ಕೇಳಿದಳು: "ನಿಮ್ಮ ಅಳಿಯ ಹಾಕಿದ ಹುದ್ದೆಗೆ ವಯೋಮಿತಿ ಎಷ್ಟು ಸಾರ್? ನಂದು ಈ ವರ್ಷ ಮುಗಿಯುತ್ತೆ. ನಾನೂ ಹಾಕಿದ್ದೀನಿ."

ಹಿಂದಿರುಗಿ ಬಂದು ಮನೆ ಕಂದಾಯದ ರಸೀದಿ ಹುಡುಕಿ ತೆಗೆದೆ. ನಿಮ್ಮದನ್ನೂ ತೆಗೆದು ನೋಡಿ, ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. ಆ ರಸೀದಿ ಹಿಡಿದುಕೊಂಡು ನಿಮ್ಮೂರ ಗ್ರಂಥಾಲಯಕ್ಕೆ ಹೋಗಿ, ಮೌಸ್ ಕೇಳಿ. ಸೋಮವಾರ ಮಾತ್ರ ಹೋಗಬೇಡಿ, ರಜೆ.